ಮೂಗಿಗಿಂತ ಮೂಗುತಿ ಭಾರವಾಗದಿರಲಿ: ಮಿಯಾಟಾ ಎಂಜಿನ್ ಬದಲಿಸುವ ಮುನ್ನ

ಕ್ಯಾಲಿಫೋರ್ನಿಯಾದಲ್ಲಿ ನನಗೆ ಗೊತ್ತಿರುವ ಮೂರು ಮನೆಗಳ ಗ್ಯಾರೇಜಿನಲ್ಲಿ ಮೂರು ಮಜ್ದಾ ಮಿಯಾಟಾಗಳು ಎಂಜಿನ್ ಇಲ್ಲದೆ ಟಾರ್ಪಾಲಿನಡಿ ಮಲಗಿವೆ. ಮೂವರು ಮಾಲೀಕರೂ ಮೊದಲು ಎಂಜಿನ್ ಕೊಂಡರು, ಆಮೇಲೆ ಲೆಕ್ಕಕ್ಕೆ ಕುಳಿತರು. 1989ರಲ್ಲಿ ಬಂದ ಈ ಎರಡು ಸೀಟಿನ ಪುಟ್ಟ ಕಾರು ಒಂದು ಟನ್ನಿಗಿಂತ ತುಸು ಕಡಿಮೆ ತೂಗುತ್ತದೆ. ಅದರ 1.6 ಲೀಟರ್ ಎಂಜಿನ್ನಿನ ಶಕ್ತಿ 116 ಅಶ್ವಶಕ್ತಿ. ಸಾಲದು ಅನ್ನಿಸುವುದು ಸಹಜ. ಆದರೆ ಪರ್ಸ್ ತೆಗೆಯುವ ಮೊದಲು ಈ ಕ್ರಮದಲ್ಲಿ ಯೋಚಿಸಿ.

1. ಈಗಿರುವ ಎಂಜಿನ್ನಿನ ನಾಡಿ ಹಿಡಿಯಿರಿ. ಇಂಧನ ಮತ್ತು ಇಗ್ನಿಷನ್ ಸಂಪರ್ಕ ತಪ್ಪಿಸಿ, ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಅಳೆಯಿರಿ. ನಾಲ್ಕು ಸಿಲಿಂಡರುಗಳ ಅಂಕಿಗಳೂ ಹತ್ತಿರ ಹತ್ತಿರ ಇದ್ದು, ತೀರ ಕಡಿಮೆಯೂ ಇಲ್ಲದಿದ್ದರೆ ಎಂಜಿನ್ ಬದುಕಿದೆ; ನಿಮಗೆ ಬೇಕಿರುವುದು ಬಹುಶಃ ಒಳ್ಳೆಯ ಟೈರು. 1991ರ ಮಧ್ಯದವರೆಗಿನ ಕಾರಾದರೆ ಮುಂದಿನ ಪುಲ್ಲಿಯನ್ನೂ ನೋಡಿ. ನಡುವೆ ನಾಲ್ಕು ಸೀಳು ಕಂಡರೆ ಒಳಗಿರುವುದು ಗಿಡ್ಡ ಮೂತಿಯ ಕ್ರ್ಯಾಂಕ್, ಅಂದರೆ ಎಂಜಿನ್ ತಿರುಗಿಸುವ ಮುಖ್ಯ ದಂಡ. ಬೋಲ್ಟ್ ಸಡಿಲಗೊಂಡು ಕ್ರ್ಯಾಂಕಿನ ತುದಿಯೇ ಸವೆಯುವ ಕಾಯಿಲೆ ಅದಕ್ಕಿದೆ. ಎಂಜಿನ್ ಬದಲಿಸಲು ನಾನು ಒಪ್ಪುವ ಕಾರಣ ಇದು.

2. ಹೊಸ ಎಂಜಿನ್ ಎಷ್ಟು ಭಾರ ಹೇರಿತೆಂದು ಆಮೇಲೆ ಹೋಲಿಸಲು, ನಾಲ್ಕು ಚಕ್ರಗಳ ಭಾರವನ್ನೂ ಬೇರೆಬೇರೆಯಾಗಿ ತೂಗಿಸಿ ಬರೆದಿಡಿ. ರೇಸ್ ಕಾರು ಸಿದ್ಧಪಡಿಸುವ ಅಂಗಡಿಗಳಲ್ಲಿ ತಕ್ಕಡಿ ಇರುತ್ತದೆ.

3. ಹಾಕಬಹುದಾದ ಎಂಜಿನ್‌ಗಳ ಪಟ್ಟಿಯನ್ನು ಮೂರಕ್ಕೆ ಇಳಿಸಿ. ಮಜ್ದಾದ್ದೇ 1.8 ಲೀಟರ್, ಹೋಂಡಾದ ಕೆ24, ಜನರಲ್ ಮೋಟಾರ್ಸ್‌ನ ಎಂಟು ಸಿಲಿಂಡರಿನ ಎಲ್‌ಎಸ್ ವಿ8. ಉಳಿದವೆಲ್ಲ ಬಿಡುವಿರುವವರಿಗೆ. ಅಲ್ಯೂಮಿನಿಯಂ ಬ್ಲಾಕಿನ ವಿ8 ಜನ ಅಂದುಕೊಂಡಷ್ಟು ಭಾರವಲ್ಲ ಎಂಬುದು ನಿಜ. ಆದರೂ ಎಲ್ಲ ಸೇರಿ ಕಾರಿನ ಮೇಲೆ ಸುಮಾರು ಒಂದು ಕ್ವಿಂಟಲ್ ಹೇರಿದ ಹಾಗೆ. ಗುಜರಿಯಲ್ಲಿ ಅಗ್ಗಕ್ಕೆ ಸಿಗುವ ಟ್ರಕ್ಕುಗಳ ವಿ8ಗಳಲ್ಲಿ ಹೆಚ್ಚಿನವು ಕಬ್ಬಿಣದ ಬ್ಲಾಕಿನವು. ಅವನ್ನು ತಿರುಗಿಯೂ ನೋಡಬೇಡಿ.

ಕಾಗದದ ಮೇಲಿನ ಅಶ್ವಶಕ್ತಿಯನ್ನೂ ಪೂರ್ತಿ ನಂಬಬೇಡಿ. 2001ರ ಮಿಯಾಟಾಕ್ಕೆ 155 ಎಂದು ಸಾರಿದ್ದ ಮಜ್ದಾ ಆಮೇಲೆ ಅದನ್ನು 142ಕ್ಕೆ ಇಳಿಸಿ, ಬೇಡವೆಂದವರ ಕಾರನ್ನು ವಾಪಸು ಪಡೆಯಲು ಮುಂದಾಗಿತ್ತು.

4. ಎಂಜಿನ್ನಿನ ಹಿಂದೆ ಏನೇನಿದೆ ಎಂದು ಎಣಿಸಿ. ಎಲ್ಲರೂ ಎಡವುವುದು ಇಲ್ಲಿಯೇ. ಒಂದು ಹಾಳೆಯಲ್ಲಿ ಕ್ರ್ಯಾಂಕಿನಿಂದ ಹಿಂದಿನ ಚಕ್ರದವರೆಗೆ ಗೆರೆ ಎಳೆದು, ದಾರಿಯಲ್ಲಿ ಬರುವ ಪ್ರತಿ ಭಾಗವನ್ನೂ ಬರೆಯಿರಿ: ಫ್ಲೈವೀಲ್, ಕ್ಲಚ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಪೆಟ್ಟಿಗೆ), ಆಕ್ಸೆಲ್. ಒಂದೊಂದರ ಮುಂದೂ ‘ಇರುವುದೇ ಸಾಕು’ ಅಥವಾ ‘ಬೇರೆ ಬೇಕು’ ಎಂದು ಗುರುತು ಹಾಕಿ.

1.8 ಹಾಕುವವರಿಗೆ ಈ ಹಾಳೆ ಚಿಕ್ಕದು. ಅದು 1.6ರ ಒಡಹುಟ್ಟಿದ್ದೇ ಆದ್ದರಿಂದ ಹಳೆಯ ಗೇರ್‌ಬಾಕ್ಸಿಗೇ ಕೂರುತ್ತದೆ. ಫ್ಲೈವೀಲ್ ಮತ್ತು ಕ್ಲಚ್ ಮಾತ್ರ 1.8ರವೇ ಬೇಕು. 1.6 ಕಾರಿನ ಡಿಫರೆನ್ಷಿಯಲ್ಲಿನ ರಿಂಗ್ ಗೇರ್ ಆರು ಇಂಚಿನದು. ಮುಂದೆ ಟರ್ಬೊ ಹಾಕುವ ಆಸೆಯಿದ್ದರೆ ಅದು ಮುರಿಯುತ್ತದೆ. 1994ರಿಂದ ಬಂದ ಏಳು ಇಂಚಿನದನ್ನು ಅದರ ಆಕ್ಸೆಲ್‌ ಮತ್ತು ಪ್ರೊಪೆಲ್ಲರ್ ಶಾಫ್ಟಿನ ಸಮೇತ ಒಂದೇ ಕಾರಿನಿಂದ ಬಿಚ್ಚಿಸಿಕೊಳ್ಳಿ. ಬಿಡಿಬಿಡಿಯಾಗಿ ಕೊಂಡವರು ಎರಡು ಸಲ ಕೊಳ್ಳುತ್ತಾರೆ.

ಕೆ24 ಮುಂದಿನ ಚಕ್ರ ಎಳೆಯುವ ಕಾರಿಗೆಂದು ಅಡ್ಡಲಾಗಿ ಕೂರುವ ಎಂಜಿನ್. ಮಿಯಾಟಾದಲ್ಲಿ ಅದನ್ನು ಉದ್ದಕ್ಕೆ ತಿರುಗಿಸಿದಾಗ ಎಣ್ಣೆ ಪಾತ್ರೆ, ಅಂದರೆ ಸಂಪ್, ಕೆಳಗಿನ ಸಬ್‌ಫ್ರೇಮಿಗೆ, ಅಂದರೆ ಎಂಜಿನ್ ಹೊರುವ ಚೌಕಟ್ಟಿಗೆ, ತಾಗುತ್ತದೆ. ಹಾಗಾಗಿ ಹೊಸ ಸಂಪ್, ಹೊಸ ಸಬ್‌ಫ್ರೇಮ್, ಗೇರ್‌ಬಾಕ್ಸಿಗೆ ಜೋಡಿಸುವ ಅಡಾಪ್ಟರ್ ಪ್ಲೇಟ್ ಎಲ್ಲವೂ ಕಿಟ್‌ನಲ್ಲಿ ಬರಬೇಕು. ಬರುವುದಿಲ್ಲವಾದರೆ ಅದು ಕಿಟ್ ಅಲ್ಲ, ಒಗಟು. ವಿ8 ಆದರೆ ಗೇರ್‌ಬಾಕ್ಸನ್ನೂ ಡಿಫರೆನ್ಷಿಯಲ್ಲನ್ನೂ ಬಿಗಿಯಾಗಿ ಬೆಸೆಯುವ ಅಲ್ಯೂಮಿನಿಯಂ ತೊಲೆಯೇ ಹೋಗುತ್ತದೆ. ಆ ಎರಡೂ ಭಾಗಗಳು ಬೇರೆ ಕಾರಿನಿಂದ ಬರಬೇಕು. ಆಮೇಲೆ ಉಳಿಯುವುದು ಮಿಯಾಟಾದ ಚರ್ಮ.

ತಂಪು ಮಾಡುವ ವ್ಯವಸ್ಥೆ ಪ್ರತ್ಯೇಕ ಹಾಳೆ. ಮಜ್ದಾ 1.8ರ ಮೂಲವೂ ಮುಂದಿನ ಚಕ್ರ ಎಳೆಯುವ ಕಾರೇ. ಮಿಯಾಟಾಕ್ಕೆ ತರುವಾಗ ನೀರು ಹೊರಹೋಗುವ ದಾರಿಯನ್ನು ಎಂಜಿನ್ನಿನ ಮುಂದಕ್ಕೆ ಇಟ್ಟಿದ್ದರಿಂದ ಹಿಂದಿನ ನಾಲ್ಕನೇ ಸಿಲಿಂಡರು ಹೆಚ್ಚು ಕಾಯುತ್ತದೆ. ರೇಸ್ ಟ್ರ್ಯಾಕಿಗೆ ಹೋಗುವವರು ಆ ದಾರಿಯನ್ನು ಹಿಂದಕ್ಕೆ ತಿರುಗಿಸಿಕೊಳ್ಳಲಿ. ಆನ್‌ಲೈನಿನಲ್ಲಿ ಫಳಫಳ ಹೊಳೆಯುವ ಅಗ್ಗದ ಅಲ್ಯೂಮಿನಿಯಂ ರೇಡಿಯೇಟರ್ ಬೇಡ. ನಾನು ಕೊಂಡದ್ದು ಎರಡನೇ ತಿಂಗಳಿಗೇ ಬೆಸುಗೆಯಲ್ಲಿ ಸೋರಿತು.

ವೈರಿಂಗನ್ನು ‘ಒಂದು ವಾರಾಂತ್ಯದ ಕೆಲಸ’ ಎನ್ನುವವರು ಅದನ್ನು ಮಾಡಿದವರಲ್ಲ. ಹಳೆಯ ಮಿಯಾಟಾದ ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ, ಕೆ24ರಂಥ ಎಂಜಿನ್ನಿನ ವಾಲ್ವ್ ಟೈಮಿಂಗ್ ನಿಯಂತ್ರಿಸಲು ಬರುವುದಿಲ್ಲ. ಆದ್ದರಿಂದ ಎಂಜಿನ್ ಕೊಟ್ಟ ದಾನಿ ಕಾರಿನ ಇಸಿಯು, ಸೆನ್ಸರುಗಳು, ತಂತಿಯ ಪೂರ್ತಿ ಗೊಂಚಲು ಕತ್ತರಿ ತಾಗದೆ ನಿಮ್ಮ ಕೈಸೇರಬೇಕು. ತಂತಿ ಕತ್ತರಿಸಿ ಎಂಜಿನ್ ಮಾರುವ ಗುಜರಿಯಿಂದ ಕೊಳ್ಳಬೇಡಿ, ಅರ್ಧ ಬೆಲೆಗೆ ಕೊಟ್ಟರೂ ಸಹ.

ಹಾಳೆ ಮುಗಿದ ಮೇಲೆ ಒಟ್ಟು ಮೊತ್ತ ನೋಡಿ. ಎಂಜಿನ್ನಿನ ಬೆಲೆ ಅದರಲ್ಲಿ ಚಿಕ್ಕ ಸಾಲಾಗಿ ಕಾಣುತ್ತದೆ.

5. ಕಾನೂನು. ಕ್ಯಾಲಿಫೋರ್ನಿಯಾದ ರಸ್ತೆಗೆ ಇಳಿಸುವುದಾದರೆ, ಹಾಕುವ ಎಂಜಿನ್ ಕಾರಿನ ವರ್ಷದ್ದೇ ಅಥವಾ ಅದಕ್ಕಿಂತ ಹೊಸದಾಗಿರಬೇಕು. ಅದರ ಜೊತೆ ಮೂಲದಲ್ಲಿ ಬಂದಿದ್ದ ಹೊಗೆ ನಿಯಂತ್ರಣದ ಸಾಧನಗಳೆಲ್ಲವೂ ಜೊತೆಗೇ ಬರಬೇಕು. 1997ರ ಕಾರಿಗೆ 1994ರ ಎಂಜಿನ್ ಸಲ್ಲದು. 1992ರ ಕಾರಿಗೆ ಸಲ್ಲುತ್ತದೆ. ಕೆ24ರ ಕನಸುಗಳು ಹೆಚ್ಚಾಗಿ ಮುರಿಯುವುದು ಈ ಮೆಟ್ಟಿಲಲ್ಲಿ. ನನ್ನ 1992ರ ಕಾರಿಗೆ ನಾನು 1994ರ 1.8 ಹಾಕಿಸಿದ್ದೂ ಇದೇ ಕಾರಣಕ್ಕೆ. ನೀವೂ ಹಾಗೇ ಮಾಡಿ.

ಕೆಲಸ ಮುಗಿದ ಮೇಲೆ ಮಾಮೂಲಿ ಹೊಗೆ ತಪಾಸಣೆಯ ಅಂಗಡಿಗಲ್ಲ, ರಾಜ್ಯದ ಪರವಾಗಿ ಇಂಥ ಕಾರುಗಳನ್ನು ಪರೀಕ್ಷಿಸುವ ಸ್ಮಾಗ್ ರೆಫರಿಯ ಬಳಿಗೆ ಹೋಗಬೇಕು. ಎಲ್ಲ ಸರಿಯಿದ್ದರೆ ಅವರು ಬಾಗಿಲ ಚೌಕಟ್ಟಿಗೆ ಒಂದು ಚೀಟಿ ಅಂಟಿಸುತ್ತಾರೆ. ಆ ಚೀಟಿ ಅಂಟುವ ತನಕ ಹಳೆಯ ಎಂಜಿನ್ ಮಾರಬೇಡಿ.