ಹಳೇ ಸೊಂಟನೋವು: ಫಿಲ್ಮ್ ಕೊನೆಗೆ ನೋಡಿ

ಅಡಿಕೆ ಕೊಯ್ಲಿನ ದಿನಗಳಲ್ಲಿ ನನ್ನ ಒಪಿಡಿಗೆ ಸೊಂಟ ಹಿಡಿದುಕೊಂಡು ಬರುವವರು ಜಾಸ್ತಿ. ಐವತ್ತು ದಾಟಿದ ಒಬ್ಬ ಹೆಂಗಸು ಕೂರುವ ಮೊದಲೇ ಎಂಆರ್‌ಐ ಕವರ್ ಮೇಜಿನ ಮೇಲಿಟ್ಟರು. "ಎರಡು ವರ್ಷದ ನೋವು ಡಾಕ್ಟ್ರೇ."

ಕವರ್ ಪಕ್ಕಕ್ಕಿಟ್ಟೆ. ಹೊಸದಾಗಿ ಒಪಿಡಿಗೆ ಕೂರುವ ವೈದ್ಯರೇ, ನೀವೂ ಹೀಗೇ ಮಾಡಿ. ನೋವೇ ಇಲ್ಲದವರ ಬೆನ್ನಿನ ಸ್ಕ್ಯಾನ್‌ಗಳನ್ನು ಒಟ್ಟು ಸೇರಿಸಿ ನೋಡಿದ 2015ರ ಅಧ್ಯಯನವೊಂದರಲ್ಲಿ, 20ರ ವಯಸ್ಸಿನವರಲ್ಲೇ ನೂರಕ್ಕೆ 37 ಜನರ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಸವೆದಿತ್ತು. 80ರವರಲ್ಲಿ 96. ಫಿಲ್ಮ್ ಮೊದಲು ನೋಡಿದರೆ ಆಮೇಲೆ ಕಿವಿ ಮುಚ್ಚಿಹೋಗುತ್ತದೆ.

"ಎಲ್ಲಿ ನೋವು, ಕೈಯಿಟ್ಟು ತೋರಿಸಿ" ಅನ್ನಿ. ಒಂದೇ ಬೆರಳಿಡುತ್ತಾರೋ, ಅಂಗೈಯಲ್ಲಿ ಸವರುತ್ತಾರೋ ಗಮನಿಸಿ. ತೊಡೆಯ ಹಿಂದಿನಿಂದ ಪಾದದವರೆಗೆ ಗೆರೆ ಎಳೆದರೆ ನರದ ಕಡೆ ಯೋಚಿಸಿ.

ಬೆಳಗಿನ ಬಿಗಿತ ಕೇಳುವಾಗ ನಿಮಿಷದ ಲೆಕ್ಕ ಬೇಡ. "ಎದ್ದ ಕೂಡ್ಲೇ ರಂಗೋಲಿಗೆ ಬಗ್ಗೋಕಾಗುತ್ತಾ, ತಿಂಡಿ ಹೊತ್ತಿನವರೆಗೂ ಹಿಡ್ಕೊಂಡಿರುತ್ತಾ?" ಅಂತ ಕೇಳಿ. 40ರೊಳಗೇ ಶುರುವಾಗಿದ್ದು, ಅರ್ಧ ಗಂಟೆ ಮೀರಿದ ಬಿಗಿತ, ಮಲಗಿದರೆ ಜಾಸ್ತಿ, ಓಡಾಡಿದರೆ ಕಡಿಮೆ ಅಂದರೆ ಉರಿಯೂತದ ಸಂಧಿವಾತ ಇರಬಹುದು.

ಜ್ವರ, ತೂಕ ಇಳಿಯುವುದು ಇದ್ದರೆ ಬೆನ್ನುಮೂಳೆಯ ಟಿಬಿ ಮರೆಯಬೇಡಿ. ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಕಳಿಸಿ.

ಆಮೇಲೆ ಮೈ ಮುಟ್ಟಿ ನೋಡಿ. ಹಿಮ್ಮಡಿಯಲ್ಲಿ, ತುದಿಗಾಲಲ್ಲಿ ನಾಲ್ಕು ಹೆಜ್ಜೆ ನಡೆಸಿ. ಅಂಗಾತ ಮಲಗಿಸಿ ಕಾಲನ್ನು ನೆಟ್ಟಗೆ ಎತ್ತಿ. 30ರಿಂದ 70 ಡಿಗ್ರಿಯೊಳಗೆ ನೋವು ಮೊಣಕಾಲಿನ ಕೆಳಗೆ ಹರಿಯಿತಾ? ಹರಿದರೆ ಅದೂ ನರದ ಕಡೆಯ ಸೂಚನೆ. ಕಾಲಿನ ಹೆಬ್ಬೆರಳನ್ನು ನಿಮ್ಮ ಬೆರಳಿಗೆ ಎದುರಾಗಿ ಮೇಲಕ್ಕೆತ್ತಲು ಹೇಳಿ. ತೊಡೆಸಂದಿನ ಕೀಲನ್ನೂ ತಿರುಗಿಸಿ ನೋಡಿ, ಸೊಂಟನೋವು ಅಂದಿದ್ದು ಎಷ್ಟೋ ಸಲ ಅಲ್ಲಿಯದು.

ಈಕೆಯಲ್ಲಿ ಎಲ್ಲವೂ ಸರಿಯಿತ್ತು. "ನೋವಿಂದ ಏನು ಬಿಟ್ಟಿದ್ದೀರಿ?" ಅಂದೆ. ಈ ಪ್ರಶ್ನೆ ಕೇಳದೆ ಯಾರನ್ನೂ ಕಳಿಸಬೇಡಿ. ಸ್ವಲ್ಪ ಹೊತ್ತು ಸುಮ್ನಿದ್ದರು. "ಅಡಿಕೆ ಸುಲಿಯೋಕೆ ಹೋಗಲ್ಲ. ಬಗ್ಗಿದ್ರೆ ಡಿಸ್ಕ್ ಜಾರಿ ಕಾಲು ಹೋಗುತ್ತೆ ಅಂದಿದ್ರು. ಅದೇ ಯೋಚನೆ, ರಾತ್ರಿ ನಿದ್ದೆ ಇಲ್ಲ." ಎರಡು ವರ್ಷ ಮೈ ಬಗ್ಗಿಸದೆ ಬೆನ್ನಿನ ಸ್ನಾಯುಗಳೂ ಸೋತಿದ್ದವು.

ಆಗ ಕವರ್ ಬಿಚ್ಚಿದೆ. ಆ ವಯಸ್ಸಿಗೆ ಇರುವಷ್ಟೇ ಸವೆತ. ಫಿಲ್ಮನ್ನು ಬೆಳಕಿಗೆ ಹಿಡಿದು ಅವರಿಗೇ ತೋರಿಸಿದೆ. "ನೋವು ನಿಜ ಅಮ್ಮ, ಆದ್ರೆ ಬಗ್ಗಿದ್ರೆ ಕಾಲು ಹೋಗಲ್ಲ." ಚೀಟಿಯಲ್ಲಿ ವ್ಯಾಯಾಮದ ಕೆಳಗೆ ಬರೆದೆ: ಆರು ವಾರದ ಗುರಿ, ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಅರ್ಧ ಗಂಟೆ.