ತೆಂಗಿನ ಹಿಂಡಿ ಎಷ್ಟಕ್ಕೆ ಇಳಿದರೆ ಅಗ್ಗ? ಮೊಟ್ಟೆಕೋಳಿ ಫೀಡಿನ ಲೆಕ್ಕ

ಕಾಸರಗೋಡಿನಲ್ಲಿ ಕೋಳಿ ಸಾಕುವವರಿಗೆ ಹತ್ತಿರದಲ್ಲೇ ಸಿಗುವುದು ಮೂರು: ಎಣ್ಣೆ ಮಿಲ್ಲಿನ ತೆಂಗಿನ ಹಿಂಡಿ, ಕಡಲ ಬದಿಯ ಒಣಮೀನು, ಹೊಳೆಬಾಯಿಯ ಚಿಪ್ಪು. ಮೆಕ್ಕೆಜೋಳ ಘಟ್ಟದ ಮೇಲಿನಿಂದ, ದಾವಣಗೆರೆ, ಹಾವೇರಿ ಕಡೆಯಿಂದ, ಲಾರಿ ಬಾಡಿಗೆ ಸೇರಿಸಿಕೊಂಡೇ ಇಳಿಯುತ್ತದೆ. ಹಾಗಾಗಿ ‘ಹಿಂಡಿ ಇಲ್ಲೇ ಉಂಟಲ್ಲ, ಅದನ್ನೇ ಜಾಸ್ತಿ ಹಾಕುವ’ ಎಂದು ಅನಿಸುವುದು ಸಹಜ. ಆದರೆ ಒಂದು ಸಾಮಗ್ರಿ ಅಗ್ಗವೋ ಅಲ್ಲವೋ ಎಂಬುದು ಅದರ ಕ್ರಯ ಒಂದರಿಂದಲೇ ತಿಳಿಯುವುದಿಲ್ಲ. ಅದು ಚೀಲದೊಳಗೆ ಬಂದಾಗ ಯಾವುದನ್ನು ಹೊರಗೆ ತಳ್ಳುತ್ತದೆ, ಯಾವುದನ್ನು ಹೆಚ್ಚು ಬೇಡುತ್ತದೆ ಎಂದು ನೋಡಬೇಕು. ಆ ಕೆಲಸಕ್ಕೆ ಲೀನಿಯರ್ ಪ್ರೋಗ್ರಾಮಿಂಗ್ ಇದೆ: ಹಾಕಿದ ಷರತ್ತುಗಳನ್ನೆಲ್ಲ ಪಾಲಿಸುತ್ತಾ ಅತಿ ಕಡಿಮೆ ಖರ್ಚಿನ ಬೆರಕೆ ಹುಡುಕುವ ಗಣಿತ. 1947ರಲ್ಲಿ ಜಾರ್ಜ್ ಡಾಂಟ್ಸಿಗ್ ರೂಪಿಸಿದ ಸಿಂಪ್ಲೆಕ್ಸ್ ವಿಧಾನ ಈಗ ಎಕ್ಸೆಲ್‌ನ ಸಾಲ್ವರ್‌ನಲ್ಲೂ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲೂ ಸಿದ್ಧವಾಗಿ ಸಿಗುತ್ತದೆ. ಕ್ಯಾಲ್ಕ್‌ಗೆ ದುಡ್ಡೂ ಬೇಡ.

ಮೊದಲು ಗುರಿ. ಶೇಕಡಾ ಲೆಕ್ಕದಿಂದ ಶುರು ಮಾಡಬೇಡಿ, ಕೋಳಿಯಿಂದ ಶುರು ಮಾಡಿ. ಮೊಟ್ಟೆ ಇಡುವ ಕೋಳಿ ದಿನಕ್ಕೆ 110 ಗ್ರಾಂ ತಿನ್ನುತ್ತದೆ, ಅದಕ್ಕೆ 18.7 ಗ್ರಾಂ ಪ್ರೋಟೀನ್ ಬೇಕು ಎಂದಿಟ್ಟುಕೊಂಡರೆ ಫೀಡಿನಲ್ಲಿ 17% ಬೇಕು. ಏಪ್ರಿಲ್‌ನ ಸೆಕೆಗೆ ತಿನ್ನುವುದು 100 ಗ್ರಾಂಗೆ ಇಳಿದರೆ ಅದೇ 18.7 ಗ್ರಾಂಗೆ 18.7% ಬೇಕಾಗುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಹಾಕಿದ ಫೀಡು, ಉಳಿದ ಫೀಡು ಎರಡನ್ನೂ ತೂಗಿ. ಈ ಸಂಖ್ಯೆ ಇಲ್ಲದ ಲೆಕ್ಕ ಎಷ್ಟು ಚಂದ ಇದ್ದರೂ ಉಪಯೋಗವಿಲ್ಲ.

ಇಲ್ಲಿಯ ಉದಾಹರಣೆಗೆ ಗುರಿಗಳು: ಶಕ್ತಿ ಕೆಜಿಗೆ ಕನಿಷ್ಠ 2600 ಕಿಲೋಕ್ಯಾಲರಿ, ಪ್ರೋಟೀನ್ 17%, ಲೈಸಿನ್ 0.75%, ಮಿಥಿಯೋನಿನ್ 0.36% (ಎರಡೂ ಪ್ರೋಟೀನಿನ ಭಾಗವಾದ ಅಮೈನೋ ಆಮ್ಲಗಳು), ಕ್ಯಾಲ್ಸಿಯಂ 3.6%. ನಾರು 8% ಮೀರಬಾರದು. ನಿಮ್ಮ ತಳಿಯ ಕೈಪಿಡಿ ಬೇರೆ ಹೇಳಿದರೆ ಅದನ್ನೇ ಹಾಕಿ.

ಸಾಮಗ್ರಿಗಳು ಹೀಗೆ (ಕ್ರಯ ಕೆಜಿಗೆ, ಶಕ್ತಿ ಕೆಜಿಗೆ ಕಿಲೋಕ್ಯಾಲರಿ, ಉಳಿದವು ಶೇಕಡಾ. ಕ್ರಯ ಉದಾಹರಣೆಗೆ ಮಾತ್ರ, ನಿಮ್ಮ ಬಿಲ್ಲಿನದ್ದನ್ನು ಬರೆದುಕೊಳ್ಳಿ. ನಾರಿನ ಅಂಕಿ ಇಲ್ಲಿ ಕೊಟ್ಟಿಲ್ಲ, ನಿಮ್ಮ ಸಾಮಗ್ರಿಯದ್ದನ್ನು ಸೇರಿಸಿಕೊಳ್ಳಿ):

ಮೆಕ್ಕೆಜೋಳ: ₹26, ಶಕ್ತಿ 3300, ಪ್ರೋಟೀನ್ 9, ಲೈಸಿನ್ 0.25, ಮಿಥಿಯೋನಿನ್ 0.18
ಸೋಯಾ ಹಿಂಡಿ: ₹48, ಶಕ್ತಿ 2300, ಪ್ರೋಟೀನ್ 45, ಲೈಸಿನ್ 2.8, ಮಿಥಿಯೋನಿನ್ 0.62
ಎಣ್ಣೆ ತೆಗೆದ ತೌಡು: ₹18, ಶಕ್ತಿ 1900, ಪ್ರೋಟೀನ್ 15, ಲೈಸಿನ್ 0.6, ಮಿಥಿಯೋನಿನ್ 0.25
ತೆಂಗಿನ ಹಿಂಡಿ: ₹32, ಶಕ್ತಿ 1700, ಪ್ರೋಟೀನ್ 21, ಲೈಸಿನ್ 0.55, ಮಿಥಿಯೋನಿನ್ 0.30

ಚಿಪ್ಪು ಹುಡಿಯಲ್ಲಿ ಕ್ಯಾಲ್ಸಿಯಂ 37%, ಕ್ರಯ ₹8. ಮಿಥಿಯೋನಿನ್ ಹುಡಿ ₹400. 100 ಕೆಜಿ ಫೀಡಿಗೆ ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್, ಇದರಿಂದಲೂ ಸ್ವಲ್ಪ ಕ್ಯಾಲ್ಸಿಯಂ ಬರುತ್ತದೆ) 1.4 ಕೆಜಿ, ಉಪ್ಪು 0.3, ವಿಟಮಿನ್-ಖನಿಜ ಮಿಶ್ರಣ 0.5, ಹೀಗೆ 2.2 ಕೆಜಿಯನ್ನು ಸ್ಥಿರವಾಗಿ ಇಡಿ. ಸಾಲ್ವರ್‌ಗೆ ಬಿಟ್ಟರೆ ಅದು ವಿಟಮಿನ್ನನ್ನು ಸೊನ್ನೆ ಮಾಡುತ್ತದೆ, ಏಕೆಂದರೆ ವಿಟಮಿನ್‌ನ ಷರತ್ತು ನೀವು ಬರೆದೇ ಇಲ್ಲ.

ಶೀಟಿನಲ್ಲಿ ಒಂದೊಂದು ಸಾಮಗ್ರಿಗೆ ಒಂದೊಂದು ಸಾಲು. ಕ್ರಯ, ಪೋಷಕಾಂಶಗಳು ಆಯಾ ಕಾಲಂನಲ್ಲಿ. ಕೊನೆಯ ಕಾಲಂ ‘ಕೆಜಿ’, ಖಾಲಿ. ಕೆಳಗೆ ಸಮ್‌ಪ್ರಾಡಕ್ಟ್ ಸೂತ್ರದಿಂದ ಪ್ರತಿ ಪೋಷಕಾಂಶದ ಮೊತ್ತ ತೆಗೆದು 100ರಿಂದ ಭಾಗಿಸಿ. ಸಾಲ್ವರ್‌ನಲ್ಲಿ ಒಟ್ಟು ಕ್ರಯವನ್ನು ಕನಿಷ್ಠ ಮಾಡಲು ಹೇಳಿ, ಬದಲಾಗುವ ಸೆಲ್‌ಗಳಾಗಿ ‘ಕೆಜಿ’ ಕಾಲಂ ಕೊಡಿ, ಒಟ್ಟು ತೂಕ ಸರಿಯಾಗಿ 100 ಎಂದು ಬರೆಯಿರಿ, ವಿಧಾನ ‘ಸಿಂಪ್ಲೆಕ್ಸ್ ಎಲ್‌ಪಿ’ ಆರಿಸಿ, ಯಾವುದೂ ಸೊನ್ನೆಗಿಂತ ಕೆಳಗೆ ಹೋಗಬಾರದೆಂಬ ಗುರುತು ಹಾಕಿ. ಈ ಗುರುತು ಮರೆತರೆ ‘ಮೈನಸ್ 3 ಕೆಜಿ ತೌಡು’ ಎಂಬ ಉತ್ತರ ಬಂದೀತು.

ಈ ಅಂಕಿಗಳಿಗೆ ಉತ್ತರ: ಜೋಳ 58.0, ಸೋಯಾ 23.7, ತೌಡು 7.4, ಚಿಪ್ಪು 8.6, ಮಿಥಿಯೋನಿನ್ 0.1, ಸ್ಥಿರ ಭಾಗ 2.2. ಡಿಸಿಪಿಗೆ ₹60, ಉಪ್ಪಿಗೆ ₹15, ವಿಟಮಿನ್ ಮಿಶ್ರಣಕ್ಕೆ ₹200 ಹಿಡಿದರೆ ಕೆಜಿಗೆ ಸುಮಾರು ₹30.75. ತೆಂಗಿನ ಹಿಂಡಿ ಸೊನ್ನೆ.

ಯಾಕೆ ಸೊನ್ನೆ? ಒಂದು ಕೆಜಿ ತೆಂಗಿನ ಹಿಂಡಿ ಒಳಗೆ ಬಂದರೆ ಹೊರಗೆ ಹೋಗುವುದು ಸುಮಾರು 1.03 ಕೆಜಿ ತೌಡು, 0.16 ಕೆಜಿ ಸೋಯಾ. ಅದಕ್ಕೆ ಶಕ್ತಿ ಕಡಿಮೆ ಇರುವುದರಿಂದ 0.19 ಕೆಜಿ ಜೋಳ ಹೆಚ್ಚಿಗೆ ಬೇಕು. ಉಳಿತಾಯವಾದ ದುಡ್ಡಿನಿಂದ ಹೆಚ್ಚಿಗೆ ಕೊಟ್ಟದ್ದನ್ನು ಕಳೆದರೆ ಈ ಫೀಡಿನಲ್ಲಿ ಹಿಂಡಿಯ ಬೆಲೆ ₹21ರ ಆಸುಪಾಸು. ಅಂದರೆ ಅದು ಪೈಪೋಟಿ ಮಾಡುತ್ತಿರುವುದು ತೌಡಿನೊಂದಿಗೆ, ಸೋಯಾದೊಂದಿಗೆ ಅಲ್ಲ. ₹32 ಕೊಟ್ಟು 5% ಹಾಕಿದರೆ ಕೆಜಿ ಫೀಡಿಗೆ 55 ಪೈಸೆ ನಷ್ಟ. 500 ಕೋಳಿಗೆ ದಿನಕ್ಕೆ 55 ಕೆಜಿಯಂತೆ ತಿಂಗಳಿಗೆ ₹900. ಮನೆಯ ಕೊಬ್ಬರಿಯ ಹಿಂಡಿಯೇ ಆದರೂ ಲೆಕ್ಕ ಬದಲಾಗುವುದಿಲ್ಲ: ದನ ಸಾಕುವವರು ₹32 ಕೊಡುತ್ತಾರಾದರೆ ಅವರಿಗೇ ಮಾರಿ. ಎಕ್ಸೆಲ್‌ನ ಸೆನ್ಸಿಟಿವಿಟಿ ವರದಿಯಲ್ಲಿ ಈ ಗಡಿ ನೇರವಾಗಿ ಸಿಗುತ್ತದೆ. ಇಲ್ಲದಿದ್ದರೆ ಹಿಂಡಿಯ ಕ್ರಯವನ್ನು ಒಂದೊಂದೇ ರೂಪಾಯಿ ಇಳಿಸುತ್ತಾ ಸಾಲ್ವರ್ ಓಡಿಸಿ, ಎಲ್ಲಿ ಒಳಗೆ ಬರುತ್ತದೋ ಅಲ್ಲೇ ಗಡಿ.

ಹಠ ಹಿಡಿದು ಹಿಂಡಿ 10% ಇರಲೇಬೇಕು ಎಂದರೆ ಸಾಲ್ವರ್ ಉತ್ತರವಿಲ್ಲ ಎನ್ನುತ್ತದೆ. ಅದು ಕಂಪ್ಯೂಟರಿನ ದೋಷ ಅಲ್ಲ. ಚಿಪ್ಪು ಮತ್ತು ಸ್ಥಿರ ಭಾಗ ಸೇರಿ ಸುಮಾರು 11 ಕೆಜಿ ಜಾಗ ಶಕ್ತಿಯಿಲ್ಲದೆಯೇ ಹೋಗಿದೆ. ಉಳಿದ ಜಾಗದಲ್ಲಿ 2600 ಮತ್ತು 17% ಎರಡೂ ಹಿಡಿಸುವುದಿಲ್ಲ. ಒಂದು ಕೆಜಿ ತಾಳೆ ಎಣ್ಣೆಯ ಸಾಲು ಸೇರಿಸಿ, ಅಥವಾ ಶಕ್ತಿಯನ್ನು 2550ಕ್ಕೆ ಇಳಿಸಿ, ದಾರಿ ತೆರೆಯುತ್ತದೆ. ಉತ್ತರ ಸಿಗದಿದ್ದಾಗ ಷರತ್ತುಗಳನ್ನು ಒಂದೊಂದಾಗಿ ಸಡಿಲಿಸಿ, ಎಲ್ಲವನ್ನೂ ಒಟ್ಟಿಗೆ ಅಲ್ಲ.

‘ಇರಲಿ’ ಎಂದು ಪ್ರೋಟೀನನ್ನು 18%ಕ್ಕೆ ಏರಿಸುವ ಚಾಳಿಗೂ ಬೆಲೆ ಇದೆ: ಕೆಜಿಗೆ ಸುಮಾರು 83 ಪೈಸೆ.

ಒಣಮೀನಿನ ವಿಷಯದಲ್ಲಿ ಪುಸ್ತಕದ ಅಂಕಿ ನಂಬಬೇಡಿ. ಬೂತಾಯಿಯನ್ನು ಹೊಯಿಗೆಯ ಮೇಲೆ ಒಣಗಿಸಿದರೆ ಮರಳೂ ತೂಕಕ್ಕೆ ಸೇರುತ್ತದೆ. ಉಪ್ಪು ಹಾಕಿದ ಮೀನಾದರೆ ಉಪ್ಪು ಎರಡು ಕಡೆಯಿಂದ ಬಂದು ಕೋಳಿ ನೀರು ಕುಡಿದು ಹಿಕ್ಕೆ ತೆಳ್ಳಗಾಗುತ್ತದೆ. ಲ್ಯಾಬಿನಲ್ಲಿ ಪ್ರೋಟೀನ್, ಉಪ್ಪು, ಮರಳು ಮೂರನ್ನೂ ಪರೀಕ್ಷಿಸಿ ಸಾಲು ತುಂಬಿ, ಮೇಲ್ಮಿತಿ 4% ಹಾಕಿ, ಬೇರೆ ಉಪ್ಪನ್ನು ಅಷ್ಟಕ್ಕೆ ಕಡಿಮೆ ಮಾಡಿ.

ಮಳೆಗಾಲದಲ್ಲಿ ಜೋಳದ ತೇವಾಂಶ ನೋಡಿ. 11%ಕ್ಕೆ ಬರೆದ 3300 ಕಿಲೋಕ್ಯಾಲರಿ, 15% ತೇವ ಇದ್ದರೆ 3300ನ್ನು 85ರಿಂದ ಗುಣಿಸಿ 89ರಿಂದ ಭಾಗಿಸಿದಷ್ಟು, ಅಂದರೆ 3150ರಷ್ಟೇ. ಬೂಷ್ಟು ಬಂದ ಜೋಳಕ್ಕೂ ಹಿಂಡಿಗೂ ಶೀಟಿನಲ್ಲಿ ಜಾಗವೇ ಇಲ್ಲ. ಅಫ್ಲಾಟಾಕ್ಸಿನ್ ಯಾವ ಸಮೀಕರಣದಲ್ಲೂ ಕಾಣಿಸಿಕೊಳ್ಳುವುದಿಲ್ಲ. ಗೋಣಿಗಳನ್ನು ಗೋಡೆಯಿಂದ ದೂರ, ಹಲಗೆಯ ಮೇಲೆ ಇಡಿ.

ಬೆರೆಸುವಾಗ 100 ಗ್ರಾಂ ಮಿಥಿಯೋನಿನ್ನನ್ನು ನೇರ ರಾಶಿಗೆ ಸುರಿಯಬೇಡಿ. ವಿಟಮಿನ್ ಮಿಶ್ರಣ, ಉಪ್ಪಿನೊಂದಿಗೆ ಮೊದಲು 2 ಕೆಜಿ ಜೋಳದ ಹುಡಿಯಲ್ಲಿ, ಆಮೇಲೆ 10 ಕೆಜಿಯಲ್ಲಿ, ಕೊನೆಗೆ ಪೂರ್ತಿ ರಾಶಿಯಲ್ಲಿ ಬೆರೆಸಿ. ಹೊಸ ಸೂತ್ರಕ್ಕೆ ಒಂದೇ ದಿನ ಹಾರಬೇಡಿ. ಹಳೆಯದರೊಂದಿಗೆ ಬೆರೆಸುತ್ತಾ ಐದಾರು ದಿನದಲ್ಲಿ ಬದಲಿಸಿ. ಪ್ರತಿ ಹೊಸ ಲೋಡು ಇಳಿದಾಗ ಕ್ರಯ ತಿದ್ದಿ ಸಾಲ್ವರ್ ಮತ್ತೆ ಓಡಿಸಿ.