ಬೆಂಗಳೂರು, ಹೊಸೂರು, ಚೆನ್ನೈ ಒಂದೇ ಮಾರ್ಕೆಟ್ಟಾ? ನೀವೇ ಚೆಕ್ ಮಾಡೋದು ಹೇಗೆ

ಕೆಲಸಕ್ಕೆ ಹೋಗೋ ಜನ, ಸಾಗೋ ಮಾಲು, ಇವೆರಡರ ಲೆಕ್ಕದಲ್ಲಿ ಈ ಮೂರು ಊರು ಒಂದೇ ಮಾರ್ಕೆಟ್ ಥರ ನಡೀತಿದ್ಯಾ ಅಂತ ನೋಡೋಣ. ಮೊದಲು ಫೋನಲ್ಲಿ ಮ್ಯಾಪ್ ತೆಗೀರಿ, ಸ್ಯಾಟಲೈಟ್ ವ್ಯೂ ಹಾಕಿ, ರಾಜ್ಯದ ಗಡಿ ಗೆರೆ ಮರೆತುಬಿಡಿ. ಎಲೆಕ್ಟ್ರಾನಿಕ್ ಸಿಟಿಯಿಂದ ಬೊಮ್ಮಸಂದ್ರ, ಚಂದಾಪುರ, ಅತ್ತಿಬೆಲೆ, ಗಡಿ ದಾಟಿ ತಮಿಳುನಾಡಿನ ಹೊಸೂರು ಅಂತ ಹಂಗೇ ಹೋಗ್ತಾ ಇರಿ, ಬೆಂಗಳೂರು ಎಲ್ಲಿ ಮುಗೀತು ಅಂತ ಬೆರಳಿಟ್ಟು ಹೇಳೋಕಾಗಲ್ಲ.

ಆಮೇಲೆ ಕಿಲೋಮೀಟರ್ ಬಿಟ್ಟು ಟೈಮ್ ನೋಡಿ. ಹೊಸೂರು ಸುಮಾರು 40 ಕಿ.ಮೀ. ಅಷ್ಟೇ, ಆದ್ರೆ ಸೋಮವಾರ ಬೆಳಗ್ಗೆ ಎಷ್ಟೊತ್ತು ತೋರಿಸುತ್ತೆ, ಭಾನುವಾರ ಎಷ್ಟು, ಎರಡೂ ನೋಡ್ಬೇಕು. ದಿನಾ ಹೋಗಿ ಬರೋಕಾಗುತ್ತೆ ಅಂದ್ರೆ ಕೆಲಸದ ಮಟ್ಟಿಗೆ ಅದು ಒಂದೇ ಊರು.

ಮೂರನೇದೇ ಮುಖ್ಯ. ಚಂದಾಪುರದಲ್ಲಿ ಮನೆ ಮಾಡ್ಕೊಂಡಿರೋ ಒಬ್ಬ ಡಿಪ್ಲೊಮಾ ಹುಡುಗನ್ನ ತಗೊಳ್ಳಿ. ಅವನಿಗೆ ಆ ಕಡೆ ಹೊಸೂರಲ್ಲಿ ಟೈಟನ್, ಟಿವಿಎಸ್, ಅಶೋಕ್ ಲೇಲ್ಯಾಂಡ್ ಇದೆ, ಈ ಕಡೆ ಬೊಮ್ಮಸಂದ್ರ, ಜಿಗಣಿಯ ಇಂಡಸ್ಟ್ರಿಯಲ್ ಏರಿಯಾ ಇದೆ, ಕೆಲಸ ಬದಲಾದ್ರೂ ಮನೆ ಬದಲಾಗಲ್ಲ, ಮಕ್ಕಳ ಸ್ಕೂಲೂ ಬದಲಾಗಲ್ಲ. ಕಂಪನಿಗೂ ಲಾಭವೇ, ಕೆಲಸ ಗೊತ್ತಿರೋ ಜನ ಹತ್ರದಲ್ಲೇ ಸಿಗ್ತಾರೆ. ಬಿಡಿಭಾಗ ಮಾಡೋ ಸಣ್ಣ ವರ್ಕ್‌ಶಾಪಿಂದೂ ಇದೇ ಕಥೆ, ಹೊಸೂರಿನ ಆರ್ಡರ್ ಕಮ್ಮಿಯಾದ್ರೆ ಬಿಡದಿಯ ಟೊಯೋಟಾ ಕಡೆ, ನರಸಾಪುರದ ಹೋಂಡಾ ಕಡೆ ಟ್ರೈ ಮಾಡಬಹುದು. ಊರು ಎಷ್ಟು ದೊಡ್ಡದು ಅಂತ ಲೆಕ್ಕ ಹಾಕ್ತಾ ಕೂತ್ರೆ ಇದು ಕಣ್ಣಿಗೇ ಬೀಳಲ್ಲ. ಶಿಫ್ಟ್ ಟೈಮಲ್ಲಿ ಅತ್ತಿಬೆಲೆ ಹತ್ರ ನಿಂತು ಕಂಪನಿ ಬಸ್ ನೋಡಿ, ಎರಡೂ ದಿಕ್ಕಿಗೆ ತುಂಬ್ಕೊಂಡು ಹೋಗ್ತಿದ್ರೆ ಎರಡೂ ಊರಿನ ನಂಟು ಗಟ್ಟಿ ಅಂತ ಅರ್ಥ.

ಇನ್ನು ಚೆನ್ನೈ. ಅಲ್ಲಿಗೆ ಯಾರೂ ದಿನಾ ಕೆಲಸಕ್ಕೆ ಹೋಗಲ್ಲ, ಅದಕ್ಕೆ ಜನ ಬಿಟ್ಟು ಒಂದು ಕಂಟೇನರ್ ಹಿಂದೆ ಹೋಗಿ. ಬೆಂಗಳೂರಿಗೆ ಸಮುದ್ರ ಇಲ್ಲ, ಆದ್ರೆ ವೈಟ್‌ಫೀಲ್ಡಿನ ಕಂಟೇನರ್ ಡಿಪೋದಲ್ಲೇ ಕಸ್ಟಮ್ಸ್ ಮುಗಿದು ಮಾಲು ರೈಲಲ್ಲಿ ಚೆನ್ನೈ ಬಂದರಿಗೆ ಹೋಗುತ್ತೆ. ಬೆಂಗಳೂರು ಪಕ್ಕದ ಹೊಸಕೋಟೆಯಿಂದ ಚೆನ್ನೈ ಹತ್ರದ ಶ್ರೀಪೆರಂಬದೂರಿಗೆ ಸುಮಾರು 260 ಕಿ.ಮೀ. ಎಕ್ಸ್‌ಪ್ರೆಸ್‌ವೇ ಹಾಕ್ತಿರೋದೂ ಇಂಥ ಮಾಲು ಬೇಗ ಸಾಗಲಿ ಅಂತಾನೇ.

ಕೊನೇದಾಗಿ ಎಲ್ಲಿ ಸಿಕ್ಕಾಕೊಳ್ಳುತ್ತೆ ನೋಡಿ. 2017ರಲ್ಲಿ ಜಿಎಸ್‌ಟಿ ಬಂದು ಗಡಿಯ ಟ್ಯಾಕ್ಸ್ ಚೆಕ್‌ಪೋಸ್ಟ್ ಹೋಯ್ತು, ಲಾರಿಗಳಿಗೆ ಸ್ವಲ್ಪ ಉಸಿರಾಡೋ ಹಾಗಾಯ್ತು. ಜನರ ಓಡಾಟಕ್ಕೆ ಮಾತ್ರ ಗಡಿ ಇನ್ನೂ ಅಡ್ಡ ನಿಂತಿದೆ. 2025ರ ಆಗಸ್ಟಲ್ಲಿ ಶುರುವಾದ ಹಳದಿ ಮೆಟ್ರೋ ಬೊಮ್ಮಸಂದ್ರಕ್ಕೇ ನಿಲ್ಲುತ್ತೆ, ಮುಂದಕ್ಕೆ ಹೊಸೂರಿಗೆ ಅಂದ್ರೆ ಸಾಕು ನಮ್ಮ ಇಂಡಸ್ಟ್ರಿ ಎಲ್ಲಾ ಆ ಕಡೆ ಹೋಗುತ್ತೆ ಅಂತ ಜಗಳ. ನಂಗೇನೋ ಆ ಭಯ ಜಾಸ್ತಿಯಾಯ್ತು ಅನ್ಸುತ್ತೆ, ಹೊಸೂರಲ್ಲಿ ದುಡಿದು ಇಲ್ಲಿ ಬಾಡಿಗೆ ಕಟ್ಟಿ ಇಲ್ಲೇ ರೇಷನ್ ತರೋರು ಎಷ್ಟು ಜನ ಇಲ್ಲ? ಸದ್ಯಕ್ಕಂತೂ ಅವರು ಬೊಮ್ಮಸಂದ್ರದಲ್ಲಿ ಇಳಿದು ಬಸ್ಸೇ ಹಿಡೀಬೇಕು.